ದೇವಕ್ಕ ಉಡಿ ತುಂಬದ ದಿನ

ಸುರೇಬಾನದ ಆ ಓಣಿಯಲ್ಲಿ, ತವರಿಗೆ ಬಂದ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಟಾಗ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಲು ದೇವಕ್ಕನನ್ನೇ ಕರೆಯುತ್ತಿದ್ದರು. ಅರವತ್ತೆರಡರ ಮುತ್ತೈದೆ, ಕೈಗುಣ ಒಳ್ಳೆಯದೆಂಬ ಹೆಸರಿತ್ತು. ಉಡಿ ತುಂಬದೆ ಮಗಳನ್ನು ಯಾರೂ ಕಳಿಸುವುದಿಲ್ಲ.

ಮೂವತ್ತೆಂಟು ವರ್ಷಗಳಿಂದ ಅವಳಿಗೆ ಎಡಗಿವಿ ಕೇಳಿಸದು. ಗಂಡ ಹೊಡೆದ ಏಟಿಗೆ ಹೋದದ್ದೆಂದು ಓಣಿಗೆಲ್ಲ ಗೊತ್ತು. ಯಾರೂ ಆ ಮಾತೆತ್ತುವುದಿಲ್ಲ, ಅವಳೂ ಎತ್ತುವುದಿಲ್ಲ. ಅಂದು ತವರಿಗೆ ಓಡಿದ್ದವಳನ್ನು ತಾಯಿ ಎಂಟು ದಿನ ಇರಿಸಿಕೊಂಡು, ಉಡಿ ತುಂಬಿ ಮರಳಿ ಕಳಿಸಿದ್ದಳು.

ಪಕ್ಕದ ಮನೆಯ ಶಂಕರೆಪ್ಪ ಮಗಳು ಶೈಲಜಾಳನ್ನು ಬೈಲಹೊಂಗಲಕ್ಕೆ ಕೊಟ್ಟಿದ್ದ. ಎರಡು ಸಲ ಅವಳು ಬಾಸುಂಡೆ ಹೊತ್ತು ಬಂದಳು. ಎರಡು ಸಲವೂ ಉಡಿ ತುಂಬಿ ಬಸ್ಸು ಹತ್ತಿಸಿದವಳು ದೇವಕ್ಕನೇ. ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ.

ಶ್ರಾವಣಕ್ಕೆ ಮೊದಲು ಮಹಿಳಾ ಸಂಘದ ಸಭೆಗೆ ಆಶಾ ಕಾರ್ಯಕರ್ತೆ ಮೀನಾ ಬಂದಿದ್ದಳು. "ಮನ್ಯಾಗ ಹೊಡತ ಬಡತ ಇದ್ರ ಒಂದು ಎಂಟು ಒಂದಕ್ಕ ಫೋನ್ ಹಚ್ಚರಿ. ಏನ್ ಮಾಡಬೇಕಂತ ಹೇಳತಾರ. ಇರಾಕ ಜಾಗಾ ಇಲ್ಲಂದ್ರ ಅದನ್ನೂ ನೋಡತಾರ."

"ನಮ್ಮನಿಯಾಂವ ಬರೇ ಗೊರಕಿ ಹೊಡಿತಾನವ್ವಾ, ಅದಕ್ಕೂ ಬರತಾರೇನು?" ಎಂದಳು ದುರ್ಗಾ. ಎಲ್ಲರೂ ನಕ್ಕರು. ದೇವಕ್ಕ ಬಲಗಿವಿಯನ್ನು ಮೀನಾಳತ್ತ ತಿರುಗಿಸಿಕೊಂಡು ಕೂತಿದ್ದಳು.

ದೀಪಾವಳಿ ಕಳೆದ ವಾರ ಶೈಲಜಾ ಮೂರನೆಯ ಸಲ ಬಂದಳು. ಒಂಬತ್ತನೆಯ ದಿನ ಶಂಕರೆಪ್ಪ ಕರೆಯಲು ಬಂದ. "ಅಕ್ಕಾ, ಲಗೂನ ಬರ್ರಿ. ಹತ್ತರ ಬಸ್ಸಿಗೆ ಕಳಸೂದೈತಿ. ಅಳಿಯಾ ಇನ್ನ ಹಂಗ ಮಾಡೂದಿಲ್ಲ ಅಂದಾನ."

ಅವನ ಮನೆಯ ಪಡಸಾಲೆಯಲ್ಲಿ, ತಟ್ಟೆಯೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ ಸಿದ್ಧವಿದ್ದವು. ಶೈಲಜಾ ಸೆರಗೊಡ್ಡಿದಳು. ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಸೆರಗಿನ ಒಂದು ತುದಿ ಹಿಡಿತಕ್ಕೆ ಸಿಗದೆ ಜಾರುತ್ತಿತ್ತು. ಅಕ್ಕಿ ಚೆಲ್ಲುತ್ತದೆ ಎಂದಷ್ಟೇ ದೇವಕ್ಕನಿಗೆ ಅನ್ನಿಸಿದ್ದು. ಬೊಗಸೆಯಲ್ಲಿದ್ದುದನ್ನು ತಟ್ಟೆಗೇ ಸುರಿದಳು.

"ನಾ ತುಂಬೂದಿಲ್ಲ."

"ಅಂದ್ರ? ಬರೇ ಉಡ್ಯಾಗ ಹ್ಯಾಂಗ ಕಳಸಲಿ?"

"ಕಳಸಬ್ಯಾಡ್ರಿ."

"ಬ್ಯಾರೇದವರನ್ನ ಕರೀತೇನಿ."

"ಕರೀರಿ. ಎರಡ ಸಲ ನಾನ ತುಂಬಿ ಕಳಿಸೇನಿ, ಈಗ ಕೈ ಮುರಕೊಂಡ ಬಂದಾಳಂತ ಅವರಿಗೂ ಹೇಳತೇನಿ."

ಶಂಕರೆಪ್ಪ ಅಲ್ಲೇ ನಿಂತ. ದೇವಕ್ಕ ಶೈಲಜಾಳ ಕಡೆ ತಿರುಗಿದಳು. "ಫೋನ್ ತಗಿಯವ್ವಾ. ಒಂದು ಎಂಟು ಒಂದು."

ಶೈಲಜಾ ಎಡಗೈಯಿಂದಲೇ ಒತ್ತಿದಳು. ಆ ಕಡೆಯ ಹೆಂಗಸು ಹೆಸರು ಕೇಳಿದಳು, ಊರು ಕೇಳಿದಳು, ಇನ್ನೊಂದು ಕೇಳಿದಳು. ಶೈಲಜಾ ಫೋನನ್ನು ಎದೆಗೊತ್ತಿಕೊಂಡು ತಂದೆಯನ್ನು ನೋಡಿದಳು.

"ಅಪ್ಪಾ, ಇಲ್ಲೆ ನನ್ನ ಇಟ್ಕೋತಾರೇನಂತ ಕೇಳಾಕತ್ತಾರ."

ಹತ್ತರ ಬಸ್ಸು ಹಾರ್ನ್ ಹಾಕಿತು. ಶಂಕರೆಪ್ಪ ತಟ್ಟೆಯನ್ನು ಬದಿಗೆ ಸರಿಸಿದ.

"ಇಲ್ಲೆ ಇರತೇನಿ ಅಂತ ಹೇಳು."

ತನ್ನೊಳಗೆ ಏನಾದರೂ ಅಲುಗೀತೇ ಎಂದು ದೇವಕ್ಕ ಸ್ವಲ್ಪ ಹೊತ್ತು ಕಾದಳು. ಏನೂ ಅಲುಗಲಿಲ್ಲ. ಅಕ್ಕಿಯನ್ನು ಮರಳಿ ಡಬ್ಬಿಗೆ ಹಾಕಲು ಒಳಗೆ ಹೋದಳು.