ಕೆಡದ ಎಂಜಿನ್ನಿನ ರಿಪೇರಿ

ಮೊದಲ ಸಂಬಳ ಬಂದಾಗ ನಾನು ಅಮ್ಮನಿಗೆ ಚಪ್ಪಲಿಯನ್ನೂ ದೊಡ್ಡಮಾವನಿಗೆ ಒಂದು ಸ್ಪಾರ್ಕ್ ಪ್ಲಗ್ಗನ್ನೂ ಕೊಂಡುಕೊಟ್ಟೆ. ಮನೆಯವರ ಕಷ್ಟ ಅರಿತು ಉಡುಗೊರೆ ಆರಿಸುವ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ದೊಡ್ಡಮಾವ ಸಣ್ಣ ದೋಣಿಯಲ್ಲಿ ಒಬ್ಬನೇ ಮೀನಿಗೆ ಹೋಗುವವನು. ನನಗೆ ಬುದ್ಧಿ ಬಂದಾಗಿನಿಂದ ಸಮುದ್ರದಲ್ಲಿ ಅವನ ದೋಣಿ ಕಂಡಾಗಲೆಲ್ಲ ಎಂಜಿನ್ನಿನ ಮುಚ್ಚಳ ತೆರೆದಿರುತ್ತಿತ್ತು, ಮಾವ ಸ್ಪ್ಯಾನರ್ ಹಿಡಿದು ಅದರೊಳಗೆ ತಲೆ ತೂರಿಸಿರುತ್ತಿದ್ದ. ಪಕ್ಕದಲ್ಲಿ ಹಾದುಹೋದವರು ಏನಾಯಿತೆಂದು ಕೇಳಿದರೆ ‘ಮತ್ತೆ ಕೈ ಕೊಡ್ತು’ ಎನ್ನುತ್ತಿದ್ದ. ದಡದಲ್ಲಿ ಅವನಿಗೆ ರಿಪೇರಿ ಎಂದೇ ಹೆಸರು. ನಮಗೆಲ್ಲ ರಿಪೇರಿ ಮಾವ.

ಪ್ಲಗ್ಗನ್ನು ಅವನು ತಿರುಗಿಸಿ ನೋಡಿ, ‘ಒಳ್ಳೆ ಕಂಪನಿದು’ ಎಂದ. ನನ್ನ ಮುಖ ನೋಡಲಿಲ್ಲ. ಅದು ಪ್ಲಾಸ್ಟಿಕ್ ಕವರಿನ ಸಮೇತ ಅವನ ಮನೆಯ ಕನ್ನಡಿ ಪಕ್ಕದ ಹಲಗೆಯ ಮೇಲೆ ಕೂತಿತು. ಅತ್ತೆ ಆಗಾಗ ಅದರ ಧೂಳು ಒರೆಸುತ್ತಿದ್ದಳು. ಸೋದರಳಿಯ ಕೊಟ್ಟದ್ದೆಂದು ಪ್ರೀತಿಯಿಂದ ಇಟ್ಟುಕೊಂಡಿದ್ದಾನೆ ಎಂದು ನಾನು ಉಬ್ಬಿದೆ.

ಅದರ ಪಕ್ಕದಲ್ಲೇ ಒಂದು ಹಳೆಯ ಕಾರ್ಬುರೇಟರ್ ಇತ್ತು. ಅದು ಚಿಕ್ಕಮಾವ ಕೊಟ್ಟದ್ದು. ಅವನಿಗೂ ಹಿಂದೆ ಸ್ವಂತ ದೋಣಿಯಿತ್ತು. ಬಲೆ ಬರಿದಾಗಿ ಬರುವುದೇ ಹೆಚ್ಚಾದಾಗ ದೋಣಿ ಮಾರಿ, ದೊಡ್ಡ ಬೋಟಿನಲ್ಲಿ ಬಲೆ ಎಳೆಯುವ ಕೂಲಿಗೆ ಸೇರಿದ. ಮಾರುವ ಮೊದಲು ಎಂಜಿನ್ನಿನಿಂದ ಕಾರ್ಬುರೇಟರ್ ಬಿಚ್ಚಿ ತಂದು, ‘ಇಟ್ಕೋ ಅಣ್ಣ, ನಿನ್ನ ಡಬ್ಬಕ್ಕೆ ಬೇಕಾಗುತ್ತೆ’ ಎಂದು ಅಣ್ಣನ ಕೈಗಿಟ್ಟಿದ್ದ. ಆಮೇಲೂ ರಜೆಯ ದಿನ ಎಲ್ಲರೂ ಊಟಕ್ಕೆ ಕೂತರೆ, ತಟ್ಟೆಯಲ್ಲಿದ್ದ ದಪ್ಪ ಮೀನನ್ನು ತೋರಿಸಿ, ‘ನಮ್ಮಣ್ಣನ ಎಂಜಿನ್ ಒಂದು ನೆಟ್ಟಗಿದ್ದಿದ್ರೆ ಇನ್ನೆಷ್ಟು ತರ್ತಿದ್ನೋ’ ಎಂದು ಮರುಗುತ್ತಿದ್ದ. ಆಗೆಲ್ಲ ರಿಪೇರಿ ಮಾವನಿಗೆ ಮುಳ್ಳು ಬಿಡಿಸುವ ಕೆಲಸ ಬಹಳ ಇರುತ್ತಿತ್ತು.

ನಾನಿರುವುದು ಕರಾವಳಿ ಯೋಜನಾ ಕಚೇರಿಯಲ್ಲಿ, ಗುತ್ತಿಗೆಯ ಮೇಲೆ. ಕಚೇರಿಯ ಹೆಸರು ಉದ್ದವಿದೆ, ನನ್ನ ಕೆಲಸ ಗಿಡ್ಡ: ನಕ್ಷೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ದಡದಿಂದ ನೋಡಿದರೆ ಸಮುದ್ರ ಯಾರದ್ದೂ ಅಲ್ಲ. ಒಳಗೆ ಹೋದರೆ ಎಲ್ಲರದ್ದೂ. ಸರಕಿನ ಹಡಗುಗಳಿಗೆ ಸರದಿ ಕಾಯುತ್ತ ನಿಲ್ಲಲು ಜಾಗ ಬೇಕು, ಪ್ರವಾಸಿಗರ ಬೋಟುಗಳಿಗೆ ಓಡಾಡಲು ಬೇಕು, ಸಣ್ಣ ದೋಣಿಗಳಿಗೆ ಮೀನು ಬೇಕು, ಮೀನಿಗೆ ಮೊಟ್ಟೆಯಿಡಲು ಯಾರೂ ಬಾರದ ಮೂಲೆ ಬೇಕು. ಎಲ್ಲರಿಗೂ ಅವರವರ ಪಾಲು ಗೊತ್ತುಮಾಡಿ, ಒಂದಿಷ್ಟನ್ನು ಯಾರೂ ಮುಟ್ಟದಂತೆ ಕಾಯಬೇಕು. ಅಣ್ಣತಮ್ಮಂದಿರಿಗೆ ಮನೆ ಪಾಲು ಮಾಡಿದ ಹಾಗೆ. ನಡುವೆ ಗೋಡೆ ಎಬ್ಬಿಸಲು ಮಾತ್ರ ಬರುವುದಿಲ್ಲ.

ಇದಕ್ಕಾಗಿ ನಾವು ಐಸ್ ಫ್ಯಾಕ್ಟರಿಯ ಮೇಲಿನ ಹಾಲ್‌ನಲ್ಲಿ ಸಭೆ ಕರೆದೆವು. ಗೋಡೆಗೆ ನಕ್ಷೆ ಹೊಡೆದು, ಸಣ್ಣ ದೋಣಿಯವರ ಕೈಗೆ ಹಸಿರು ಚುಕ್ಕೆಗಳನ್ನು ಕೊಟ್ಟು, ನೀವು ಮೀನು ಹಿಡಿಯುವ ಕಡೆ ಅಂಟಿಸಿ ಎಂದೆವು. ಎಲ್ಲರಿಗಿಂತ ಹಿರಿಯನೆಂದು ರಿಪೇರಿ ಮಾವನನ್ನು ಮೊದಲು ಕರೆದೆ. ಅವನು ಕನ್ನಡಕ ಸರಿಮಾಡಿಕೊಂಡು, ನದಿ ಸೇರುವ ಕಡೆ ಗಟ್ಟಿಯಾಗಿ ಒತ್ತಿ ಅಂಟಿಸಿದ. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಸಂಜೆಯ ಹೊತ್ತಿಗೆ ನಕ್ಷೆಗೆ ಅಮ್ಮ ಬಂದವರ ಮೈಯಂತೆ ಚುಕ್ಕೆಯೋ ಚುಕ್ಕೆ. ನಮ್ಮ ಕಚೇರಿಯ ಮುಖ್ಯಸ್ಥೆ ಮೇಡಂ ಭುಜ ತಟ್ಟಿದರು. ನಾನು ನೆಲದ ಮೇಲೆ ನಡೆಯಲಿಲ್ಲ.

ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ನಮ್ಮ ದಡದಲ್ಲಿ ಯಾರೂ ತಮ್ಮ ಜಾಗ ಹೇಳುವುದಿಲ್ಲ. ಬುಟ್ಟಿ ತುಂಬಿಕೊಂಡು ಬಂದವನನ್ನು ಎಲ್ಲಿ ಸಿಕ್ಕಿತೆಂದು ಕೇಳಿದರೆ ‘ನೀರಲ್ಲಿ’ ಎನ್ನುತ್ತಾನೆ. ಕೇಳುವುದೇ ಅವನ ಜೇಬಿಗೆ ಕೈ ಹಾಕಿದಷ್ಟು ಅಸಭ್ಯ. ಅಂಥ ದಡದಲ್ಲಿ ಹುಟ್ಟಿ, ಆ ಮೀನನ್ನೇ ತಿಂದು ಬೆಳೆದ ನಾನು, ಊರವರನ್ನೆಲ್ಲ ಒಂದೇ ಹಾಲ್‌ನಲ್ಲಿ ಕೂರಿಸಿ, ಪರಸ್ಪರರ ಕಣ್ಣೆದುರೇ ಜಾಗ ತೋರಿಸಿ ಎಂದಿದ್ದೆ. ಅವರು ತೋರಿಸಿದ್ದನ್ನು ನಂಬಿಯೂ ಇದ್ದೆ.

ಕರಡು ನಕ್ಷೆ ತಯಾರಾಯಿತು. ಚುಕ್ಕೆ ಇದ್ದ ಕಡೆ ಸಣ್ಣ ದೋಣಿಗಳಿಗೆ ಮೀಸಲು, ಒಂದು ಚುಕ್ಕೆಯೂ ಇಲ್ಲದ ಕಡೆ ಹಡಗುಗಳು ಲಂಗರು ಹಾಕಿ ಕಾಯುವ ಜಾಗ. ಮೀನು ಹರಾಜಿನ ಶೆಡ್ಡಿನ ಗೋಡೆಗೆ ಅದನ್ನು ಅಂಟಿಸಿ ಬಂದೆ. ಮರುದಿನ ಊಟದ ಬಿಡುವಿನಲ್ಲಿ ರಿಪೇರಿ ಮಾವ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಕರೆದು ಕುರ್ಚಿ ಕೊಟ್ಟರೆ ತುದಿಯಲ್ಲಿ ಕೂತ.

“ಆ ಚುಕ್ಕೆ ಕಿತ್ತು ಬೇರೆ ಕಡೆ ಅಂಟಿಸಬಹುದಾ?”

“ಯಾರ ಚುಕ್ಕೆ ಮಾವ?”

“ನಂದು. ಯಾರಿಗೂ ಗೊತ್ತಾಗಬಾರದು.”

ಮೇಜಿನ ಮೇಲಿದ್ದ ನಕ್ಷೆಯಲ್ಲಿ ಅವನ ಬೆರಳು ಹಡಗುಗಳ ಜಾಗದ ನಟ್ಟನಡುವೆ ನಿಂತಿತು. ಅಲ್ಲಿ ನೀರಿನಡಿ ಕಲ್ಲಿದೆಯಂತೆ. ಕಲ್ಲಿನ ಸಂದಿಯಲ್ಲಿ ಮೀನು ಮೊಟ್ಟೆಯಿಡುತ್ತದೆ, ಮರಿ ಅಲ್ಲೇ ದೊಡ್ಡದಾಗುತ್ತದೆ. ಹಡಗಿನ ಲಂಗರು, ಅದರ ಸರಪಳಿ ಕಲ್ಲಿನ ಮೇಲೆ ಎಳೆದಾಡಿದರೆ ಗುಡಿಸಿ ಹಾಕಿದ ಹಾಗೆ. ಇಷ್ಟು ವರ್ಷ ಮನೆ ನಡೆದದ್ದು ಆ ಕಲ್ಲಿನ ಮೇಲೆ. ಹಾಗಾದರೆ ನದಿಯ ಕಡೆ ಏನಿದೆ ಎಂದೆ. ಏನಿಲ್ಲ, ಕೆಸರು ಎಂದ.

“ಮತ್ತೆ ಎಂಜಿನ್?”

“ಎಂಜಿನ್ ಯಾವತ್ತೂ ಕೆಟ್ಟಿಲ್ಲ ಕಣೋ. ಸುಮ್ನೆ ನಿಂತಿದ್ರೆ ಇಲ್ಲೇನಿದೆ ಅಂತ ಜನ ಬರ್ತಾರೆ. ಕೆಟ್ಟು ನಿಂತಿದ್ರೆ, ಪಾಪ ಅಂದ್ಕೊಂಡು ಹೋಗ್ತಾರೆ.”

ನನಗೆ ನನ್ನ ಪ್ಲಗ್ಗು ನೆನಪಾಯಿತು. ಮಾವನಿಗೆ ನೆನಪಾದದ್ದು ಕಾರ್ಬುರೇಟರ್. ದೋಣಿ ಮಾರುವ ಮೊದಲು ಚಿಕ್ಕಮಾವ ಒಂದು ಸಲ, ದಡದ ಕಟ್ಟಳೆ ಮುರಿದು, ನಾಚಿಕೆ ಬಿಟ್ಟು ಕೇಳಿದ್ದನಂತೆ: ಅಣ್ಣ, ನೀನು ಕೆಟ್ಟು ನಿಲ್ತೀಯಲ್ಲ, ಆ ಕಡೆ ಏನಾದರೂ ಸಿಗುತ್ತಾ? ಬರೀ ಮರಳು ಎಂದಿದ್ದನಂತೆ ಇವನು. ಇದನ್ನು ಹೇಳುವಾಗ ಮಾವ ನನ್ನ ಸ್ಟೇಪ್ಲರನ್ನು ಕೈಗೆತ್ತಿಕೊಂಡು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚುತ್ತಿದ್ದ. ಅಭ್ಯಾಸಬಲ.

ಗುಟ್ಟಾಗಿ ಚುಕ್ಕೆ ಸರಿಸುವ ಆಸೆ ನನಗೂ ಇತ್ತು. ಮೇಡಂ ಹತ್ತಿರ ಹೋಗಿ, ನನಗೆ ಪರಿಚಯದ ಒಬ್ಬರು ಎಂದು ಶುರು ಮಾಡಿದೆ. ಅವರು ಮಾತು ಮುಗಿಸಲು ಬಿಡಲಿಲ್ಲ. ಒಬ್ಬರಿಗೋಸ್ಕರ ಬಾಗಿಲು ಹಾಕಿಕೊಂಡು ಬದಲಾಯಿಸಿದರೆ ನಾಳೆ ಹಡಗಿನವರೂ ಅದೇ ಬಾಗಿಲು ತಟ್ಟುತ್ತಾರೆ. ಅಲ್ಲಿಂದ ಹಡಗು ಎದ್ದರೆ ಇನ್ನೊಬ್ಬರ ಪಾಲಿಗೆ ಹೋಗಿ ನಿಲ್ಲುತ್ತದೆ, ಅವರೂ ಕೇಳಬೇಕಲ್ಲವೇ? ಹೇಳುವುದಿದ್ದರೆ ಆಕ್ಷೇಪಣೆಯ ಸಭೆಯಲ್ಲಿ ಎದ್ದು ಹೇಳಲಿ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಸಂಜೆ ಮಾವನ ಮನೆಗೆ ಹೋಗಿ ತಿಳಿಸಿದೆ. ಬಾಯಿ ಮುಚ್ಚಿಕೊಂಡಿದ್ದರೆ ಕಲ್ಲು ಹೋಗುತ್ತದೆ, ಬಾಯಿ ಬಿಟ್ಟರೆ ತಮ್ಮ ಹೋಗುತ್ತಾನೆ. ಅವನು ಗೋಡೆಗೆ ಮುಖ ಮಾಡಿ ಉಂಡ. ಅತ್ತೆಗೆ ವಿಷಯ ಆಗಷ್ಟೇ ಗೊತ್ತಾಗಿತ್ತು. “ಕಟ್ಟಿಕೊಂಡವಳಿಗೆ ಹೇಳದ ಜಾಗ ಇನ್ನು ಮೈಕಿನಲ್ಲಿ ಹೇಳ್ತಾರಂತೆ” ಎಂದಳು, ಅನ್ನದ ಪಾತ್ರೆಗೆ ಹೇಳುವಂತೆ. ಅಂದಿನಿಂದ ಹಲಗೆಯ ಮೇಲಿನ ಧೂಳನ್ನು ಅವಳು ಒರೆಸಲಿಲ್ಲ.

ಸಭೆಯ ದಿನ ಚಿಕ್ಕಮಾವ ಒಂದು ದಿನದ ಕೂಲಿ ಬಿಟ್ಟು ಬಂದಿದ್ದ. ಹಡಗಿನವರ ಎದುರು ಅಣ್ಣನ ಬೆನ್ನಿಗೆ ನಿಲ್ಲಬೇಕು ಎಂದು ಮುಂದಿನ ಸಾಲಿನಲ್ಲಿ ಕೂತು, ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲವಿಟ್ಟು ಜಾಗ ಹಿಡಿದಿದ್ದ. ರಿಪೇರಿ ಮಾವ ಬಾಗಿಲಲ್ಲೇ ನಿಂತು ಆ ಚೀಲವನ್ನು ನೋಡಿದ. ವಾಪಸು ಹೋಗಿಬಿಡುತ್ತಾನೆ ಎಂದುಕೊಂಡೆ. ಬಂದು ಕೂತ. ಚಿಕ್ಕಮಾವ ಚೀಲವನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

ಹೆಸರು ಕೂಗಿದಾಗ ಮಾವ ಎದ್ದ. ಮೈಕ್ ಮುಂದೆ ಹಿಡಿದೆ, ಬೇಡವೆಂದು ತಳ್ಳಿದ.

“ಅವತ್ತು ನಾನು ಸುಳ್ಳು ಅಂಟಿಸಿದೆ” ಎಂದ. “ನದಿ ಹತ್ರ ಏನೂ ಇಲ್ಲ. ಹಡಗು ನಿಲ್ಲಿಸ್ತೀವಿ ಅಂದ್ರಲ್ಲ, ಅಲ್ಲಿ ಕಲ್ಲಿದೆ. ದೋಣಿಯಿಂದ ದಡ ನೋಡಿದ್ರೆ ಈ ಫ್ಯಾಕ್ಟರಿ ಚಿಮಣಿ ನೀರಿನ ಟ್ಯಾಂಕಿನ ಹಿಂದೆ ಅಡಗಬೇಕು, ದೀಪದ ಕಂಬ ಗುಡ್ಡದ ಸೀಳಿಗೆ ಬರಬೇಕು. ಎರಡೂ ಸೇರಿದ ಕಡೆ. ನನ್ನ ಎಂಜಿನ್ ಕೆಟ್ಟು ನಿಲ್ತಿದ್ದಿದ್ದು ಅಲ್ಲೇ. ಕೆಟ್ಟಿರಲಿಲ್ಲ.”

ಹಿಂದಿನಿಂದ ಒಬ್ಬ, ‘ಅಂತೂ ರಿಪೇರಿ ಆಯ್ತು’ ಎಂದ. ಒಂದಿಬ್ಬರು ನಕ್ಕರು, ಚಿಕ್ಕಮಾವನ ಬೆನ್ನು ಕಂಡು ನಿಲ್ಲಿಸಿದರು. ಆಮೇಲೆ ಏಡಿ ಹಿಡಿಯುವವನೊಬ್ಬ ಗಂಟಲು ಸರಿಮಾಡಿಕೊಂಡು, ತನ್ನದನ್ನೂ ಚೂರು ಸರಿಸುವುದಿತ್ತು ಎಂದ. ಅವನ ಹಿಂದೆ ಇನ್ನೊಬ್ಬ ಎದ್ದ. ನನ್ನ ಹಸಿರು ಚುಕ್ಕೆಗಳು ಒಂದೊಂದಾಗಿ ಏಳತೊಡಗಿದವು. ಮೇಡಂ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ಕೊನೆಗೆ ಅವರು, ಹಡಗಿನ ಜಾಗವನ್ನು ಸದ್ಯಕ್ಕೆ ತಡೆಹಿಡಿದು ಮೊದಲು ಕಲ್ಲನ್ನು ಅಳೆಸುವುದೆಂದು ಬರೆಸಿದರು.

ಜನ ನಕ್ಷೆಯ ಸುತ್ತ ಮುತ್ತಿಕೊಂಡರು. ಮುಂದಿನ ಸಾಲಿನಲ್ಲಿ ಅಣ್ಣತಮ್ಮ ಇಬ್ಬರೇ ಉಳಿದರು. ನಾನು ಮೈಕಿನ ವೈರು ಸುತ್ತುತ್ತ ಅಲ್ಲೇ ಇದ್ದೆ, ಬೇಕಾದ್ದಕ್ಕಿಂತ ನಿಧಾನವಾಗಿ. ಚಿಕ್ಕಮಾವ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಿದ್ದ. ತಿರುಗದೆಯೇ ಕೇಳಿದ:

“ಹಡಗಿನ ವಿಷಯ ಬರದೇ ಇದ್ದಿದ್ರೆ ನಂಗೆ ಹೇಳ್ತಿದ್ದೆಯಾ ಅಣ್ಣ?”

ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಮಾವನಿಗೆ ಅಭ್ಯಾಸವೂ ಇತ್ತು.

“ಇಲ್ಲ” ಎಂದ. “ಹೇಳ್ತಿರಲಿಲ್ಲ.”