ಹಣ್ಣಿನ ಪುತಳಾಬಾಯಿಗೆ ಹಾಕಿದ ದನಿ

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರಗಿಯ ಓಣಿ ಓಣಿಗೆ ಹೊತ್ತು ಮಾರಿದವರು ಬಹಳ ಮಂದಿ ಇರಬಹುದು. ಆದರೆ ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯ ಹಳೆಯ ಮನೆಗಳಲ್ಲಿ ಇವತ್ತಿಗೂ ನೆನೆಯುವುದು ಪುತಳಾಬಾಯಿ ಒಬ್ಬಳನ್ನೇ. ಅದೂ ಹಣ್ಣಿಗಾಗಿ ಅಲ್ಲ, ದನಿಗಾಗಿ. ಆಕೆ ಓಣಿಯ ತುದಿಯಲ್ಲಿ ನಿಂತು ಒಮ್ಮೆ ಕೂಗಿದರೆ ಸಾಕು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರ ಕೈ ನಿಲ್ಲುತ್ತಿತ್ತು. ಕೆಂಪು ಬಾಳೆ ಎಲ್ಲರೂ ದಿನಾ ತಿನ್ನುವ ಹಣ್ಣಲ್ಲ. ಬಾಣಂತಿಗೆ, ಜ್ವರ ಬಿಟ್ಟು ಎದ್ದವರಿಗೆ, ಮನೆಗೆ ಬಂದ ಬೀಗರಿಗೆ ಎಂದು ಹುಡುಕಿ ಕೊಳ್ಳುವ ಹಣ್ಣು ಅದು. ಅದನ್ನು ಮಾರಬೇಕಾದರೆ ಹಣ್ಣು ಬಂದಿದೆ ಎಂದು ಒಳಮನೆಯ ತನಕ ಗೊತ್ತಾಗಬೇಕು.

ಈ ದನಿ ಆಕೆಗೆ ಹುಟ್ಟಿನಿಂದ ಬಂದದ್ದೇನೂ ಅಲ್ಲ. ಮಾಳಿಂಗಪ್ಪನನ್ನು ಮದುವೆಯಾಗಿ ಕಮಲಾಪುರಕ್ಕೆ ಬಂದಾಗ, ಸೊಸೆಯ ಮಾತು ಹೊಸ್ತಿಲು ದಾಟಬಾರದು ಎಂದು ಆಕೆಯ ಬಾಯಿಗೆ ಬೀಗ ಹಾಕಿದ್ದರು. ಮಾವ ಬಂದರೆ ಮೂಲೆ, ಮೈದುನ ಬಂದರೆ ಮೂಲೆ. ಎಷ್ಟೋ ವರ್ಷ ಆಕೆ ಮಾತಾಡಿದ್ದು ಎಮ್ಮೆಯ ಜೊತೆಗೆ ಮಾತ್ರ. ಮಾಳಿಂಗಪ್ಪ ಇನ್ನೊಬ್ಬರ ಬಾಳೆ ತೋಟದಲ್ಲಿ ಕೆಲಸ ಮಾಡುತ್ತಿದ್ದ. ಒಂದು ದಿನ ಗೊನೆ ಹೊತ್ತು ಕಾಲುವೆ ದಾಟುವಾಗ ಬಿದ್ದು ಸೊಂಟ ಮುರಿದುಕೊಂಡ. ಆಗ ಸೊಸೆಯ ದನಿ ಹೊಸ್ತಿಲು ದಾಟಬಾರದು ಎಂದ ಮನೆಯವರೇ, ಸೊಸೆ ಬಸ್ಸು ಹತ್ತಿ ಕಲಬುರಗಿಗೆ ಹೋಗಿ ಹಣ್ಣು ಮಾರಿ ಬರಲಿ ಎಂದರು. ನಾಚಿಕೆ ಎಂಬುದು ಹೊಟ್ಟೆಯ ಮುಂದೆ ಎಷ್ಟು ಬೇಗ ಜಾಗ ಖಾಲಿ ಮಾಡುತ್ತದೆ ನೋಡಿ.

ಮೊದಲ ದಿನ ಜಗತ್ ವೃತ್ತದಲ್ಲಿ ಬುಟ್ಟಿ ಇಟ್ಟುಕೊಂಡು ಕೂತವಳಿಗೆ ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ. ಪಕ್ಕದಲ್ಲಿ ಪೇರಲ ಮಾರುವ ಮಸ್ತಾನಬಿ ಮಧ್ಯಾಹ್ನದವರೆಗೆ ನೋಡಿದಳು. ಆಮೇಲೆ ತಡೆಯಲಾರದೆ ಬಾಯಿ ಹಾಕಿದಳು.

"ಏ ಯವ್ವಾ, ಬಾಯಿ ಮುಚಗೊಂಡು ಕುಂತ್ರ ಹಣ್ಣ ತಾನೇ ಎದ್ದು ಗಿರಾಕಿ ಹಂತೇಕ ಹೋಗ್ತದೇನ? ಒದರು! ಯಾರೂ ನಿನ್ನ ನುಂಗಂಗಿಲ್ಲ."

ಪುತಳಾಬಾಯಿ ಒದರಿದಳು. ಮೊದಲು ಅಳುವಿನ ಹಾಗೆ ಬಂತು, ಆಮೇಲೆ ಬೈಗುಳದ ಹಾಗೆ ಬಂತು, ಕೊನೆಗೆ ಕೂಗಿನ ಹಾಗೆ ಬಂತು. "ಕಮಲಾಪುರದ ಕೆಂಪ ಬಾಳೀಹಣ್ಣ ಬಂದಾವ್ರೆವ್ವೋ!" ವರ್ಷಗಟ್ಟಲೆ ಒಳಗೆ ಅದುಮಿಟ್ಟದ್ದೆಲ್ಲ ಆ ಕೂಗಿನಲ್ಲಿ ಹೊರಬಿದ್ದಿತು. ಆವತ್ತಿನಿಂದ ಆಕೆ ಯಾರಿಗೂ ಸೊಪ್ಪು ಹಾಕಲಿಲ್ಲ. ಬಸ್ಸಿನ ಕಂಡಕ್ಟರಿಗೂ ಇಲ್ಲ, ಮೈದುನನಿಗೂ ಇಲ್ಲ. ಆಕೆಯ ಪಾಲಿಗೆ ಬಂದ ಹೊಲ ಇಲ್ಲ, ಬಂಗಾರ ಇಲ್ಲ. ತಾನೇ ದುಡಿದು ಗಳಿಸಿದ ಆಸ್ತಿ ಎಂದರೆ ಈ ದನಿ ಒಂದೇ.

ತೊಂಬತ್ತಮೂರನೆಯ ಇಸವಿಯ ಸುಮಾರಿಗೆ ಖೂಬಾ ಪ್ಲಾಟಿನ ವಕೀಲ ಜಗದೇವಪ್ಪನವರ ಮನೆಯಲ್ಲಿ ಟಿ.ವಿ. ಧಾರಾವಾಹಿಯ ಶೂಟಿಂಗ್ ನಡೆಯಿತು. ಮಾಡಿಸುತ್ತಿದ್ದವನು ಕಾಶಿರಾಜ್ ಎಂಬ ನಿರ್ದೇಶಕ. ಜಗತ್ ವೃತ್ತದ ಹತ್ತಿರದ ಮಹಡಿಯ ಮೇಲೆ ಅವನದೊಂದು ಆಫೀಸು. ಇಸ್ತ್ರಿ ಮುರಿಯದ ಅಂಗಿ, ವಾರ್ತೆ ಓದುವವರಂಥ ಮಾತು. ಆ ಮಾತು ಕೇಳಿದವರೆಲ್ಲ ಅವನು ಮೈಸೂರು ಕಡೆಯವನೇ ಇರಬೇಕು ಅಂದುಕೊಂಡಿದ್ದರು. ಅವನೂ ಅಲ್ಲ ಎಂದಿರಲಿಲ್ಲ.

ಆವತ್ತಿನ ಕಂತಿನ ಕಥೆ ಹೀಗಿತ್ತು. ಮುಂದೊಂದು ಕಾಲ. ಥೇಟ್ ಮನುಷ್ಯರ ಹಾಗೆ ಕಾಣುವ ಯಂತ್ರಗಳು ಬಂದಿವೆ. ಒಬ್ಬೊಬ್ಬ ಮನುಷ್ಯನನ್ನೂ ಮರೆಮಾಡಿ, ಅವನದೇ ಮುಖದ ಯಂತ್ರ ಅವನ ಜಾಗದಲ್ಲಿ ಕೂರುತ್ತದೆ. ಹಾಲಿನವನು ಹೋಗುತ್ತಾನೆ, ಮಾಸ್ತರ ಹೋಗುತ್ತಾನೆ, ಡಾಕ್ಟರ ಹೋಗುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಊರಲ್ಲಿ ಮನುಷ್ಯರೇ ಉಳಿಯುವುದಿಲ್ಲ.

ಒಳಗೆ ಕ್ಯಾಮೆರಾ ಓಡುತ್ತಿರುವಾಗ ಹೊರಗೆ ಪುತಳಾಬಾಯಿ ಕೂಗಿದಳು. ಕಾಶಿರಾಜ್ ಸಿಟ್ಟಿನಿಂದ ಓಡಿಬಂದ. ಬಂದವನು ಆಕೆಯನ್ನು ಮೇಲಿಂದ ಕೆಳಗೆ ನೋಡಿದ. ಹಸಿರು ಸೀರೆ, ಹಣೆ ತುಂಬ ಕುಂಕುಮ, ತಲೆಯ ಮೇಲೆ ಕೆಂಪು ಹಣ್ಣು. ಬೈಗುಳ ನುಂಗಿಕೊಂಡು, "ಅಮ್ಮ, ನಮ್ಮ ನಾಟಕದಲ್ಲಿ ಪಾತ್ರ ಮಾಡುತ್ತೀರಾ?" ಎಂದು ಕೇಳಿದ.

ಪಾತ್ರ ಎಂದರೆ ಒಂದಲ್ಲ, ಎರಡು. ನಿಜವಾದ ಹಣ್ಣಿನವಳೂ ಆಕೆಯೇ, ಹಣ್ಣಿನವಳ ಜಾಗಕ್ಕೆ ಬಂದ ಯಂತ್ರವೂ ಆಕೆಯೇ. ಯಂತ್ರದ ಪಾತ್ರಕ್ಕೆ ರೆಪ್ಪೆ ಹೊಡೆಯದೆ ನಿಲ್ಲಬೇಕು, ಸೆಟೆದು ನಡೆಯಬೇಕು, ಹೇಳಿಕೊಟ್ಟಷ್ಟು ಹೇಳಬೇಕು. ಆಕೆ ಮಧ್ಯಾಹ್ನದೊಳಗೆ ಅದನ್ನು ಮಾಡಿ ಮುಗಿಸಿದಳು. ಮನುಷ್ಯಳ ಪಾತ್ರದ್ದು ಒಂದೇ ದೃಶ್ಯ. ತಪ್ಪಿಸಿಕೊಂಡು ಬಂದ ನಿಜವಾದ ಹಣ್ಣಿನವಳು ಗೇಟಿನ ಹೊರಗೆ ನಿಂತು, ಒಳಗಿರುವುದು ಯಂತ್ರ, ನಾನು ಮನುಷ್ಯಳು ಎಂದು ಕೂಗಿ ಹೇಳುತ್ತಾಳೆ. ಮನೆಯವರು ನಂಬುವುದಿಲ್ಲ. "ಇದನ್ನು ನಿಮಗೆ ಬಂದಂತೆ ಹೇಳಿ" ಎಂದ ಕಾಶಿರಾಜ್.

ಆಕೆಗೆ ಬಂದದ್ದು ಏನು? ಗೇಟು ಹಿಡಿದು ನಿಂತ ಕೂಡಲೇ ಅತ್ತೆಮನೆಯ ಮೂಲೆ ನೆನಪಾಯಿತು. ಇದ್ದೂ ಇಲ್ಲದವಳಾಗಿ ಕಳೆದ ವರ್ಷಗಳು ನೆನಪಾದವು.

"ವಕೀಲರ! ನಾ ಇಲ್ಲಿ ಹೊರಗ ಅದೀನ್ರಿ! ನಿಮ್ಮ ಮಗಳ ಬಾಣಂತನಕ್ಕ ಹಣ್ಣ ಆರಿಸಿ ಕೊಟ್ಟಾಕಿ ನಾನು! ಅದರ ಮೈಯಾಗ ರಗತ ಇಲ್ಲರೀ, ಮುಟ್ಟಿ ನೋಡ್ರಿ! ನಾ ಮನುಷ್ಯಾಳು, ನನ್ನ ಮಾತು ಕೇಳ್ರಿ!"

ದನಿ ಹಿಡಿಯುವ ಸಲಾವುದ್ದೀನ್ ಕಿವಿಗೆ ಹಾಕಿಕೊಂಡದ್ದನ್ನು ತೆಗೆದು, "ಕ್ಯಾ ಬಾತ್ ಹೈ ಅಕ್ಕಾ, ಮೈ ಝುಮ್ ಅಂತು" ಎಂದ. ಕಾಶಿರಾಜನೂ ಚಪ್ಪಾಳೆ ಹೊಡೆದ. ಪುತಳಾಬಾಯಿ ಊರಿಗೆ ಹೋಗುವಾಗ ಬಸ್ಸಿನ ತುಂಬ ಅದನ್ನೇ ಹೇಳಿದಳು.

ಕಂತು ಬರುವ ಭಾನುವಾರ ಕಮಲಾಪುರದ ಮಲಂಗಸಾಬನ ಚಹಾದ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಳಿಂಗಪ್ಪ ಕೋಲೂರಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದ. ಸೊಸೆಯ ದನಿ ಹೊಸ್ತಿಲು ದಾಟಬಾರದು ಎಂದಿದ್ದ ಮೈದುನನೂ ಬಂದಿದ್ದ. ಪುತಳಾಬಾಯಿ ಹೊಸ ಸೀರೆ ಉಟ್ಟಿದ್ದಳು.

ಯಂತ್ರದ ಹಣ್ಣಿನವಳು ತೆರೆಯ ಮೇಲೆ ಬಂದಳು. ಜನ ಹೋ ಎಂದರು. ಆಕೆ ಬಾಯಿ ತೆರೆದಾಗ ಯಾರದೋ ತೆಳುವಾದ ನುಣ್ಣನೆಯ ದನಿ ಬಂತು. ಇದು ತನ್ನ ದನಿಯಲ್ಲವಲ್ಲ ಎಂದು ಪುತಳಾಬಾಯಿಗೆ ಗೊತ್ತಾಯಿತು. ಯಂತ್ರ ಅಲ್ಲವೇ, ಬೇರೆ ದನಿ ಹಾಕಿರಬೇಕು ಎಂದು ಸಮಾಧಾನ ಮಾಡಿಕೊಂಡಳು.

ಆಮೇಲೆ ಗೇಟಿನ ದೃಶ್ಯ ಬಂತು. ತೆರೆಯ ಮೇಲೆ ಆಕೆಯ ಕುತ್ತಿಗೆಯ ನರ ಉಬ್ಬಿತು, ಕಣ್ಣು ಕೆಂಪಾಯಿತು, ಬಾಯಿ ಅಗಲವಾಗಿ ತೆರೆಯಿತು. ಅದೇ ನುಣ್ಣನೆಯ ದನಿ ಹೇಳಿತು: "ದಯವಿಟ್ಟು ನನ್ನನ್ನು ನಂಬಿ. ನಾನೇ ನಿಜವಾದ ಮನುಷ್ಯಳು. ನನ್ನ ಮಾತನ್ನು ಕೇಳಿ."

ಪುತಳಾಬಾಯಿಯ ಮೈಯೆಲ್ಲ ಉರಿದುಹೋಯಿತು. "ಅದು ನಾ ಅಲ್ಲ!" ಎಂದು ಎದ್ದು ನಿಂತಳು. ಜನ ನಕ್ಕರು. ತೆರೆಯ ಮೇಲಿನವಳೂ ಒಳಗಿರುವುದು ನಾನಲ್ಲ ಎಂದೇ ಹೇಳುತ್ತಿದ್ದಳಲ್ಲ, ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರು. "ಏ, ಕುಂಡ್ರವ್ವಾ, ಭಾಳ ಚಂದ ಮಾತಾಡೀದಿ" ಎಂದ ಮಲಂಗಸಾಬ. ಮೈದುನನಂತೂ, "ಅತ್ತಿಗೀ, ಇಷ್ಟ ಸಣ್ಣಗ ಮಾತಾಡಾಕ ಬರ್ತದ ಅಂತ ನಮಗ ಗೊತ್ತೇ ಇರಲಿಲ್ಲ" ಎಂದು ಹಲ್ಲು ಕಿರಿದ. ಮಾಳಿಂಗಪ್ಪ ಒಬ್ಬ ಮಾತ್ರ ತಲೆ ತಗ್ಗಿಸಿ, "ನಡಿ, ಮನೀಗಿ ಹೋಗಮ" ಎಂದ.

ಮರುದಿನ ಖೂಬಾ ಪ್ಲಾಟಿನಲ್ಲಿ ಆಕೆ ಕೂಗಿದ ಕೂಡಲೇ ವಕೀಲರ ಹೆಂಡತಿ ಬಂಡಮ್ಮ ಗೇಟಿಗೆ ಬಂದರು. ಮುಖ ತುಂಬ ನಗು. ಕೆಟ್ಟ ಹೆಂಗಸಲ್ಲ ಅವರು. ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳಿದರು.

"ಏನ್ ಚಂದ ಮಾತಾಡೀದಿ ಪುತಳಾಬಾಯಿ! ಅಷ್ಟು ಶುದ್ಧ ಬರ್ತದಂದ್ರ, ದಿನಾ ಯಾಕ ಹಿಂಗ ಓಣಿ ಹಾರಿ ಬೀಳುವಂಗ ಒದರ್ತೀ? ಟಿ.ವಿ.ಯಾಗ ಅಂದಂಗ ಮೆಲ್ಲಕ ಅನ್ನು, ಕೇಳೂಣ."

ಇಷ್ಟು ವರ್ಷ ಆ ಕೂಗು ಕೇಳಿ ಹಣ್ಣು ಕೊಂಡವರು ಇವರೇ. ಈಗ ಅದೇ ಕೂಗು ನಕಲಿಯಾಯಿತು, ಟಿ.ವಿ.ಯದು ಅಸಲಿಯಾಯಿತು. ಪುತಳಾಬಾಯಿ ಹಣ್ಣು ಮಾರಲಿಲ್ಲ. ಬುಟ್ಟಿ ಎತ್ತಿಕೊಂಡು ನೆಟ್ಟಗೆ ಜಗತ್ ವೃತ್ತಕ್ಕೆ ನಡೆದಳು, ಮಹಡಿ ಹತ್ತಿದಳು, ಕಾಶಿರಾಜನ ಮೇಜಿನ ಪಕ್ಕದಲ್ಲಿ ಬುಟ್ಟಿಯನ್ನು ಧಪ್ಪನೆ ಇಳಿಸಿದಳು.

"ನನ್ನ ಬಾಯಿಗಿ ಯಾರ ದನಿ ಹಾಕೀರಿ?"

ಕಾಶಿರಾಜ್ ನಗುತ್ತ ಕುರ್ಚಿ ತೋರಿಸಿದ. "ಕೂತುಕೊಳ್ಳಿ ಅಮ್ಮ. ಅದು ಬೆಂಗಳೂರಿನ ಕಲಾವಿದೆಯ ದನಿ. ಇದು ಇಡೀ ರಾಜ್ಯ ನೋಡುವ ಕಾರ್ಯಕ್ರಮ. ನಿಮ್ಮ ಭಾಷೆ ಸ್ವಲ್ಪ ಒರಟು, ಎಲ್ಲರಿಗೂ ಹಿಡಿಸುವುದಿಲ್ಲ."

"ಯಂತ್ರಕ್ಕ ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ಮನುಷ್ಯಾಳಿಗಿ ಯಾಕ ಹಾಕೀರಿ?"

"ಇಬ್ಬರದೂ ಒಂದೇ ಮುಖ ಅಲ್ಲವೇ? ದನಿಯೂ ಒಂದೇ ಇದ್ದರೆ ಚೆನ್ನ."

"ಹಂಗಾದ್ರ ಎರಡಕ್ಕೂ ನಂದೇ ಇಡಬೇಕಿತ್ತಲ್ಲ?"

ಕಾಶಿರಾಜ್ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ. ಆಕೆ ಮೂಲೆಯಲ್ಲಿ ನಿಂತಿದ್ದ ಸಲಾವುದ್ದೀನನ ಕಡೆ ತಿರುಗಿದಳು. "ತಮ್ಮಾ, ನೀ ಹಿಡದಿದ್ದಿಯಲ್ಲ ಆವತ್ತು, ಅದನ್ನ ಹಚ್ಚು. ಇವರಿಗಿ ಒಮ್ಮೆ ಕೇಳಸು."

ಸಲಾವುದ್ದೀನ್ ನೆಲ ನೋಡಿದ. "ಇಲ್ಲ ಅಕ್ಕಾ. ಆ ಟೇಪಿನ ಮ್ಯಾಲ ಬ್ಯಾರೆ ಪ್ರೋಗ್ರಾಂ ತುಂಬ್ಯಾರ. ನಿಂದು ಅಳಿಸಿ ಹೋಗ್ಯದ."

ಜೀವಮಾನದ ಸಿಟ್ಟನ್ನು ಒಂದು ಸಲ ಎಲ್ಲರ ಮುಂದೆ ಹೇಳಿದ್ದಳು. ಅದು ಎಲ್ಲಿಯೂ ಇಲ್ಲ. ಆಕೆ ಕಳೆದುಕೊಂಡದ್ದು ಏನೆಂದು ತಿಳಿಯದ ಕಾಶಿರಾಜ್ ಸಮಾಧಾನ ಮಾಡಲು ಹೋದ. "ಬೇಸರ ಮಾಡಿಕೊಳ್ಳಬೇಡಿ. ಮುಂದಿನ ಕಂತಿನಲ್ಲೂ ನಿಮಗೆ ಪಾತ್ರವಿದೆ. ಮಾತು ಕಲಿಯುವ ತೊಂದರೆಯೂ ಇಲ್ಲ. ಸುಮ್ಮನೆ ಬಾಯಿ ಆಡಿಸಿದರೆ ಸಾಕು."

ಆಗ ಆಕೆ ಬಾಯಿ ತೆರೆದಳು. ಏನೇನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನ ಅಂಗಿಯಿಂದ ಹಿಡಿದು ಅವನ ಕ್ಯಾಮೆರಾದ ತನಕ ಯಾವುದನ್ನೂ ಬಿಡಲಿಲ್ಲ. "ಬಾಯಿ ಆಡ್ಸಾಕ ನಾ ಏನ್ ಎಮ್ಮಿ ಅದೀನೇನ?" ಎಂದು ಆಕೆ ಕೂಗಿದ್ದು ಕೆಳಗೆ ರಸ್ತೆಗೂ ಕೇಳಿಸಿತು. ರಿಕ್ಷಾದವರು ತಲೆ ಎತ್ತಿ ನೋಡಿದರು. ಕಾಶಿರಾಜ್ ಎದ್ದು ಕಿಟಕಿ ಮುಚ್ಚಿದ. ಕೂಗು ನಿಲ್ಲಲಿಲ್ಲ. ಇನ್ನೊಂದು ಕಿಟಕಿ ಮುಚ್ಚಿದ. ಮೆಟ್ಟಿಲ ಮೇಲೆ ಜನ ಸೇರಿದರು. ಕೊನೆಗೆ ಅವನು ಸಿಟ್ಟು ನೆತ್ತಿಗೇರಿ ಮೇಜು ಗುದ್ದಿದ.

"ಏ, ಸಾಕ ಮಾಡಬೇ! ಎಷ್ಟ ಒದರ್ತೀ! ನಮ್ಮವ್ವಗೂ ಹೇಳೀನಿ ನಾ, ಮಂದಿ ಮನೀಗಿ ಬಂದಾಗ ಬಾಯಿ ತೆರೀಬ್ಯಾಡ ಅಂತ! ಹಡದವ್ವನೇ ಸುಮ್ಮ ಕುಂಡ್ರತಾಳ, ನಿನಗೇನ್ ಆಗ್ಯದ?"

ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ ಸಲಾವುದ್ದೀನ್ ಅವನ ಬಾಯಲ್ಲಿ ಈ ಮಾತು ಕೇಳಿದ್ದು ಅದೇ ಮೊದಲು. ಮೈಸೂರು ಎಲ್ಲಿ, ಇದು ಎಲ್ಲಿ! ಪಕ್ಕಾ ನಮ್ಮ ಕಡೆಯ, ಹೊಲದ ಬದುವಿನ ಮೇಲೆ ಬೆಳೆದ ಮಾತು. ಕಾಶಿರಾಜನಿಗೂ ತಾನು ಏನು ಹೇಳಿದೆ, ಹೇಗೆ ಹೇಳಿದೆ ಎಂಬುದು ಆಗ ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ಮೇಜಿನ ಅಂಚು ಹಿಡಿದ.

ಪುತಳಾಬಾಯಿ ಅವನನ್ನು ದುರುಗುಟ್ಟಿ ನೋಡಿದಳು. ಈ ಊರಿನಲ್ಲೇ ಯಾವುದೋ ಮನೆಯ ಒಳಕೋಣೆಯಲ್ಲಿ, ಮಂದಿ ಬಂದಾಗಲೆಲ್ಲ ಸೆರಗು ಬಾಯಿಗೆ ಹಿಡಿದು ಕೂರುವ ಮುದುಕಿಯೊಬ್ಬಳು ಆಕೆಯ ಕಣ್ಣಿಗೆ ಕಟ್ಟಿದಳು. ಅವನ ಮೇಲೆ ಕರುಣೆ ಬರಲಿಲ್ಲ. ಇದ್ದ ಸಿಟ್ಟು ಇಮ್ಮಡಿಯಾಯಿತು. ಸಲಾವುದ್ದೀನ್ ಕೈ ಹಚ್ಚಿದ, ಆಕೆ ಬುಟ್ಟಿಯನ್ನು ತಲೆಗೇರಿಸಿಕೊಂಡಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು.

"ಆಕಿ ನಿನ್ನ ಹಡದಾಳ, ಅದಕ್ಕ ಸುಮ್ಮ ಕುಂಡ್ರತಾಳ," ಎಂದಳು. "ನಾ ನಿನ್ನ ಹಡದಿಲ್ಲ."