ಕೆಂಪು ಕಾರು ಮಾರಲು ಹೋದ ದಿನ

ಕಣ್ಣಿಗೆ ಕಾಣದ ವಸ್ತುವಿಗೆ ನಾನು ಬೆಲೆ ಕಟ್ಟಿದವನಲ್ಲ. ಎತ್ತಿನ ದಲಾಲಿಯಿಂದ ಶುರುಮಾಡಿ ಹಳೆಯ ಟ್ರ್ಯಾಕ್ಟರು, ಕಾರುಗಳ ವ್ಯಾಪಾರಕ್ಕೆ ಬಂದವನು. ಹಲ್ಲು ನೋಡದೆ ಎತ್ತಿನ ವಯಸ್ಸನ್ನೂ ನಂಬಿದವನಲ್ಲ. ಸತ್ತವರು ಕಂಡರು, ಮಾತಾಡಿದರು ಎಂದು ಯಾರಾದರೂ ಶುರುಮಾಡಿದರೆ ಚಹಾ ಮುಗಿಸಿ ಎದ್ದುಬಿಡುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಗ ನನ್ನ ಹತ್ತಿರ ಒಂದು ಸಣ್ಣ ಕೆಂಪು ಕಾರಿತ್ತು. ನೆಲಕ್ಕೆ ತಾಗುವಂಥ ಹೊಟ್ಟೆ, ಅಗಲ ಟೈರು, ಹಿಂದೆ ಪುಟ್ಟದೊಂದು ರೆಕ್ಕೆ. ಊರೂರು ತಿರುಗುವ ವ್ಯಾಪಾರಿಗೆ ಹೇಳಿ ಮಾಡಿಸಿದ ಗಾಡಿಯೇ ಅಲ್ಲ. ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಬಣ್ಣ ನೋಡುತ್ತ ನಿಲ್ಲಬೇಡಿ, ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ನೋಡಿ. ನಾನೂ ನೋಡಿದ್ದೆ. ಆದರೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಒಂದು ಸುತ್ತು ಓಡಿಸಿ ಬಂದ ಮೇಲೆ ಚೌಕಾಸಿ ಮಾಡುವುದೇ ಮರೆತುಹೋಯಿತು. ಕಾಲು ಮುಟ್ಟಿಸಿದರೆ ಸಾಕು, ಹಗ್ಗ ಕಿತ್ತ ಹೋರಿಯಂತೆ ಹಾರುತ್ತಿತ್ತು.

ಅದರ ಮುಂದಿನ ಸೀಟು ನನ್ನ ಸೋದರಮಾವನದು. ನನಗೆ ದಲಾಲಿ ಕಲಿಸಿದವನು ಅವನೇ. "ಲೇ ಅಳಿಯಾ, ಇದು ಕಾರೇನಲೇ? ನೆಲದ ಮ್ಯಾಲ ಕುಂಡಿ ಎಳಕೊಂಡು ಹೊಂಟಂಗ ಆಕ್ಕೈತಿ" ಎಂದು ಬೈಯುತ್ತಲೇ ಹತ್ತುತ್ತಿದ್ದ. ಕುಷ್ಟಗಿಯ ಹೆದ್ದಾರಿಗೆ ಬಿದ್ದೊಡನೆ ಅವನ ಧಾಟಿಯೇ ಬೇರೆ. "ಆ ಬಸ್ಸಿನ ಹೊಗಿ ಕುಡಕೋತ ಯಾಕ ಹೊಂಟಿ? ಹಾಯ್ಸು!" ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಎತ್ತರದ ಹಂಪ್ ಬಂದರೆ ಕಾರಿನ ಹೊಟ್ಟೆ ತಾಗದಿರಲೆಂದು ತಾನೇ ಇಳಿದು, ಧೋತರ ಎತ್ತಿ ಹಿಡಿದು, ನಡೆದು ದಾಟಿ ಮತ್ತೆ ಹತ್ತುತ್ತಿದ್ದ. ಗಂಗಾವತಿಯಿಂದ ಬರುವಾಗ ಸಾಣಾಪುರದ ಕೆರೆ ದಂಡೆಯಲ್ಲಿ ನಿಲ್ಲಿಸಿ ರೊಟ್ಟಿ ಬಿಚ್ಚುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಜೋಳದ ಚೀಲ, ಒಮ್ಮೆ ಒಂದು ಆಡಿನ ಮರಿ. ಅಂಥ ಸುಖ ಮುಂದೆ ಯಾವ ದೊಡ್ಡ ಗಾಡಿಯಲ್ಲೂ ನನಗೆ ಸಿಗಲಿಲ್ಲ.

ಸಂತೆಯ ವ್ಯಾಪಾರ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದೆಂದು ನಾವು ಕೈಗಳ ಮೇಲೆ ಟವೆಲ್ ಹಾಕಿ, ಬೆರಳು ಹಿಡಿದು ದರ ಹೇಳುತ್ತೇವೆ. ಮಾವನ ಬಲಗೈಯ ಕಿರುಬೆರಳು ಎತ್ತಿನ ಹಗ್ಗಕ್ಕೆ ಸಿಕ್ಕು ಅರ್ಧ ಹೋಗಿತ್ತು. ನಾವಿಬ್ಬರೂ ಜೊತೆಗೆ ಮಾರಲು ಕೂತಾಗ ಅವನಿಗೆ ವ್ಯಾಪಾರ ಮನಸ್ಸಿಗೆ ಬರದಿದ್ದರೆ, ಅದೇ ಟವೆಲ್ಲಿನೊಳಗೆ ಕೈ ತೂರಿಸಿ ಹೆಬ್ಬೆರಳ ಉಗುರಿನಿಂದ ನನ್ನ ಅಂಗೈಗೆ ಅಡ್ಡ ಗೆರೆ ಎಳೆಯುತ್ತಿದ್ದ. ಬೇಡ, ಏಳು ಎಂದರ್ಥ. ಆ ಸನ್ನೆ ನಮ್ಮಿಬ್ಬರಿಗೇ ಗೊತ್ತು.

ಮಾವ ತೀರಿಹೋದ. ಮಕ್ಕಳು ಬೆಳೆದರು. "ಮಾರ್ರಿ ಅದನ್ನ. ಹುಡುಗ್ರು ಮೊಣಕಾಲು ಗದ್ದಕ್ಕ ಹಚ್ಚಿ ಕುಂದರ್ತಾವ" ಎಂದಳು ಹೆಂಡತಿ. ಅವಳ ಮಾತು ಸರಿಯಾಗಿಯೇ ಇತ್ತು. ಆದರೆ ಮುಂದಿನ ಸೀಟಿಗೆ ಮಾವನ ತಲೆಯೆಣ್ಣೆಯ ಕಲೆ ಹತ್ತಿತ್ತು; ಅದನ್ನು ತೊಳೆಸಲೂ ನನ್ನಿಂದ ಆಗಿರಲಿಲ್ಲ. ಮಾರುವ ವಸ್ತುವಿನ ಮೇಲೆ ಜೀವ ಇಟ್ಟವನು ವ್ಯಾಪಾರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಕಾರಟಗಿಯ ಒಬ್ಬ ಭತ್ತದ ವ್ಯಾಪಾರಿಗೆ ಮಾತು ಕೊಟ್ಟೆ.

ಗಂಗಾವತಿಯ ಒಂದು ಚಹಾದಂಗಡಿಯ ಮುಂದೆ, ಮಟಮಟ ಮಧ್ಯಾಹ್ನ. ಕಾರಿನ ಸುತ್ತ ಜನ ನೆರೆದರು. ನಾನು ಹೆಗಲ ಟವೆಲ್ ತೆಗೆದು ಕೈಗಳ ಮೇಲೆ ಹಾಕಿದೆ. ಭತ್ತದ ವ್ಯಾಪಾರಿ ಬೆರಳು ಒತ್ತಿದರು, ನಾನೂ ಒತ್ತಿದೆ. ಹೆಚ್ಚುಕಡಿಮೆ ಕುದುರಿತು. ಕೊನೆಯ ಮಾತೊಂದೇ ಬಾಕಿ. ಆಗ ನನ್ನ ಕೈಯೊಳಗಿನ ಕೈ ಬದಲಾಯಿತು. ಒರಟು ಅಂಗೈ. ಕಿರುಬೆರಳು ಇರಬೇಕಾದಲ್ಲಿ ಒಂದು ಮೋಟು. ನಾನು ಯೋಚಿಸುವಷ್ಟರಲ್ಲಿ ಉಗುರೊಂದು ನನ್ನ ಅಂಗೈಯ ಮೇಲೆ ಅಡ್ಡ ಗೆರೆ ಎಳೆಯಿತು.

ಕೈ ಕಿತ್ತುಕೊಂಡೆ. "ವ್ಯಾಪಾರ ಇಲ್ರಿ" ಎಂದೆ.

"ಎಲಾ ಇವನ, ತಾಳಿ ಕಟ್ಟೂ ಹೊತ್ತಿಗೆ ಎದ್ದನಲ್ಲೋ!" ಎಂದ ಚಹಾದಂಗಡಿಯವನು. ಜನ ನಕ್ಕರು. ಕೊಟ್ಟ ಮಾತಿನಿಂದಲೇ ಹೊಟ್ಟೆ ಹೊರೆದವನು ನಾನು. ಮಾತು ಮುರಿದವನೆಂದು ಸಂತೆಯಲ್ಲಿ ಹೆಸರಾದರೆ ಮುಂದೆ ಯಾರು ನನ್ನ ಟವೆಲ್ಲಿನೊಳಗೆ ಕೈ ಇಡುತ್ತಾರೆ? ಆದರೂ ಮತ್ತೆ ಕೈ ಕೊಡಲು ಆಗಲಿಲ್ಲ. ಎದುರಿನವರ ಕೈ ನೋಡಿದೆ. ಐದೂ ಬೆರಳು ನೆಟ್ಟಗಿದ್ದವು.

ಅವರು ನಗುತ್ತಿರಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಸಿಟ್ಟಾಗಬ್ಯಾಡ್ರಿ. ನಿಮ್ಮ ಕಿರುಬೆರಳು ಮೋಟು ಐತೇನ್ರಿ?"

ನಾನು ಕೈ ಚಾಚಿದೆ. ಅವರು ನನ್ನ ಕಿರುಬೆರಳನ್ನು ಒಮ್ಮೆ ಹಿಡಿದು ನೋಡಿದರು. ಚಹಾ ಹಾಗೇ ಬಿಟ್ಟು ಹೊರಟುಹೋದರು. ಮಾತು ತಪ್ಪಿದೆನೆಂದು ಎಲ್ಲಿಯೂ ಆಡಲಿಲ್ಲ; ಆಡಿದ್ದರೆ ನನ್ನ ಕಿವಿಗೆ ಬೀಳುತ್ತಿತ್ತು.

ಟವೆಲ್ಲಿನ ಮಡಿಕೆ ತಾಗಿರಬೇಕು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ನನಗೊಬ್ಬನಿಗೇ ಆಗಿದ್ದರೆ ಹಾಗೇ ಅಂದುಕೊಳ್ಳಬಹುದಿತ್ತು. ಅವರು ಮಾವನನ್ನು ಕಂಡವರೇ ಅಲ್ಲ.

ಕಾರು ಇನ್ನೂ ಕೆಲವು ವರ್ಷ ನನ್ನಲ್ಲೇ ಇತ್ತು. ಮಕ್ಕಳು ಗೊಣಗುತ್ತಲೇ ಓಡಾಡಿದರು. ಕೊನೆಗೆ ಎಂಜಿನ್ ಸೋತಾಗ ಕೊಪ್ಪಳದ ಒಬ್ಬರಿಗೆ ಕೊಟ್ಟೆ. ಅವರೂ ಹಳೆಯ ಕಾಲದ ವ್ಯಾಪಾರಿ, ಕೈ ಮುಂದೆ ಮಾಡಿ "ಟವೆಲ್ ಹಾಕ್ರಿ" ಎಂದರು. ನಾನು ಹಾಕಲಿಲ್ಲ. ಎಲ್ಲರ ಮುಂದೆ ಬಾಯಲ್ಲೇ ದರ ಕೇಳಿದೆ, ಅವರು ಹೇಳಿದ ಮೊದಲ ಮಾತಿಗೇ ಒಪ್ಪಿದೆ. ವಯಸ್ಸಾಯಿತು ಎಂದು ಜೊತೆಗಿದ್ದವರು ಆಡಿಕೊಂಡರು. ಟವೆಲ್ ಹಾಕಿದ್ದರೆ ಆ ಕೈ ಬರುತ್ತಿತ್ತೋ ಇಲ್ಲವೋ, ನನಗೆ ತಿಳಿಯದು. ಬರದೇ ಹೋಗಿದ್ದರೆ ಏನು ಮಾಡಬೇಕಿತ್ತು ಎಂಬುದೂ ತಿಳಿಯದು.